ಲೋಗೊ ನಮ್ಮದು, ಹಕ್ಕು ಯಾರದು?

ಪ್ರಶ್ನೆ: ಪರಿಚಯದ ಹುಡುಗನೊಬ್ಬ ನಮ್ಮ ಅಂಗಡಿಗೆ ಲೋಗೊ ಮಾಡಿಕೊಟ್ಟ. ಕೇಳಿದಷ್ಟು ದುಡ್ಡು ಕೊಟ್ಟೆವು. ಈಗ ಅದನ್ನೇ ಚೀಲಗಳ ಮೇಲೆ ಅಚ್ಚು ಹಾಕಿಸಿದರೆ, 'ನಾನು ಬೋರ್ಡಿಗೆ ಅಂತ ಮಾತ್ರ ಮಾಡಿದ್ದು, ಇದಕ್ಕೆ ಬೇರೆ ಕೊಡಿ' ಅನ್ನುತ್ತಿದ್ದಾನೆ. ಕಾಗದಪತ್ರ ಏನೂ ಇಲ್ಲ, ವಾಟ್ಸಾಪ್ ಮೆಸೇಜ್ ಇವೆ ಅಷ್ಟೇ. ದುಡ್ಡು ಕೊಟ್ಟ ಮೇಲೆ ಲೋಗೊ ನಮ್ಮದೇ ಅಲ್ವಾ?

ಉತ್ತರ: ಅಲ್ಲದೇ ಇರಬಹುದು. ಹೆಚ್ಚಿನ ದೇಶಗಳಲ್ಲಿ ಚಿತ್ರ ಬರೆದವರೇ ಅದರ ಮೊದಲ ಹಕ್ಕುದಾರರು. ಹಕ್ಕುಸ್ವಾಮ್ಯದ (ಕಾಪಿರೈಟ್) ಬಗ್ಗೆ ದೇಶದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ಕಡೆಗಳಲ್ಲಿ ಈ ಹಕ್ಕಿಗೆ ನೋಂದಣಿಯೂ ಬೇಕಿಲ್ಲ, ಬರೆದ ಗಳಿಗೆಯಲ್ಲೇ ಹುಟ್ಟಿಬಿಡುತ್ತದೆ. ಅವನು ನಿಮ್ಮಲ್ಲಿ ಸಂಬಳಕ್ಕಿದ್ದು ಕೆಲಸದ ಭಾಗವಾಗಿ ಮಾಡಿದ್ದರೆ ಮಾತು ಬೇರೆ, ಆಗ ಬಹಳ ಕಡೆ ಹಕ್ಕು ಮಾಲೀಕರಿಗೇ ಹೋಗುತ್ತದೆ. ಹೊರಗಿನವರಿಂದ ಮಾಡಿಸಿದಾಗ ಮಾತ್ರ ನೀವು ಕೊಟ್ಟ ದುಡ್ಡು ಬಾಡಿಗೆಯ ಹಾಗೆ, ಕ್ರಯದ ಹಾಗಲ್ಲ. ಮನೆಯಲ್ಲಿ ಇರಬಹುದು, ಗೋಡೆ ಒಡೆಯಬೇಕೆಂದರೆ ಮಾಲೀಕರನ್ನು ಕೇಳಬೇಕು.

ಹಾಗಂತ ಚೀಲಗಳನ್ನು ಅಟ್ಟಕ್ಕೆ ಹಾಕಬೇಡಿ. ಮೊದಲು ಆ ಮೆಸೇಜ್‌ಗಳನ್ನು ಬೇರೆ ಕಡೆಯೂ ಉಳಿಸಿಕೊಳ್ಳಿ, ಫೋನ್ ಬದಲಿಸುವಾಗ ಹೋದರೆ ಹೋದಂತೆಯೇ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಮಾತುಕತೆಯನ್ನು ತಳ್ಳಿಹಾಕಬಾರದು ಎಂದು 1996ರಲ್ಲೇ ವಿಶ್ವಸಂಸ್ಥೆಯ ಮಾದರಿ ಕಾನೂನು ಹೇಳಿತು, ಎಷ್ಟೋ ದೇಶಗಳು ಅದನ್ನು ನೋಡಿಯೇ ತಮ್ಮ ಕಾನೂನು ಬರೆದುಕೊಂಡವು. 'ಅಂಗಡಿಗೊಂದು ಲೋಗೊ ಬೇಕು, ಬೋರ್ಡು, ಬಿಲ್ಲು, ಚೀಲ ಎಲ್ಲದಕ್ಕೂ' ಎಂದು ನೀವು ಬರೆದು ಅವನು 'ಆಯ್ತು' ಎಂದಿದ್ದರೆ ಆ ಎರಡಕ್ಷರ ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ.

ಆದರೆ ಜಗಳ ಗೆಲ್ಲುವುದಕ್ಕಿಂತ ಅವನನ್ನು ಕೂರಿಸಿಕೊಂಡು ಒಂದು ಹಾಳೆ ಬರೆಸಿಕೊಳ್ಳುವುದು ಸುಲಭ. ಹಾಳೆಯ ಮೇಲೆ ಲೋಗೊವನ್ನೇ ಪ್ರಿಂಟ್ ಹಾಕಿಸಿ. 'ಮೇಲಿನ ಚಿತ್ರ' ಎಂದರೆ ಯಾವುದು ಎಂಬ ಅನುಮಾನವೇ ಉಳಿಯಬಾರದು. ಕೆಳಗೆ, ಇದರ ಹಕ್ಕುಸ್ವಾಮ್ಯವನ್ನು ಪೂರ್ತಿಯಾಗಿ ಇಂಥವರಿಗೆ ಇಷ್ಟು ಹಣಕ್ಕೆ ವರ್ಗಾಯಿಸಿದ್ದೇನೆ, ಬದಲಾಯಿಸಿ ಬಳಸಲು ಒಪ್ಪಿದ್ದೇನೆ ಎಂದು ಬರೆದು ತಾರೀಖು, ಸಹಿ. ಭಾರತ, ಬ್ರಿಟನ್, ಅಮೆರಿಕ ಮೂರರಲ್ಲೂ ಇಂಥ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಜರ್ಮನಿಯಲ್ಲಾದರೆ ಹಕ್ಕುಸ್ವಾಮ್ಯವನ್ನು ಮಾರಲು ಬರುವುದೇ ಇಲ್ಲ, ಬಳಸುವ ಹಕ್ಕನ್ನಷ್ಟೇ ಕೊಡಬಹುದು. ಹಾಗಾಗಿ ನಿಮ್ಮ ಊರಿನ ವಕೀಲರಿಗೊಮ್ಮೆ ತೋರಿಸಿ. ಹಾಂ, ಒರಿಜಿನಲ್ ಫೈಲ್ ಇಸಿದುಕೊಳ್ಳಿ. ಬರೀ ಚಿತ್ರ ಇಟ್ಟುಕೊಂಡರೆ ನಾಳೆ ದೊಡ್ಡ ಬೋರ್ಡಿಗೆ ಮತ್ತೆ ಅವನ ಮನೆಗೇ ಹೋಗಬೇಕು.

ಪ್ರಶ್ನೆ: ಕಂಪನಿಯ ಹೆಸರು ನೋಂದಣಿ ಆಗಿದೆ. ಟ್ರೇಡ್‌ಮಾರ್ಕ್ ಬೇರೆ ಮಾಡಿಸಬೇಕಾ?

ಉತ್ತರ: ಹೆಸರು ಉಳಿಯಬೇಕೆಂದರೆ ಮಾಡಿಸಿ. ಎರಡೂ ಬೇರೆ ಬೇರೆ ಪುಸ್ತಕಗಳು: ಒಂದರಲ್ಲಿ ಕಂಪನಿಯ ನೋಂದಣಿ, ಇನ್ನೊಂದರಲ್ಲಿ ಸರಕು, ಸೇವೆಗೆ ನೀವು ಹಾಕುವ ಗುರುತಿನ ನೋಂದಣಿ. ಟ್ರೇಡ್‌ಮಾರ್ಕಿನಲ್ಲಿ ಸರಕು, ಸೇವೆ ಸೇರಿ 45 ವರ್ಗಗಳಿವೆ, ನಿಮ್ಮ ಕೆಲಸ ಯಾವುದರಲ್ಲಿ ಬರುತ್ತದೆ ನೋಡಿ ಅಷ್ಟಕ್ಕೇ ಅರ್ಜಿ ಹಾಕಿ.

ಪ್ರಶ್ನೆ: ನಮ್ಮದು ಸಣ್ಣ ಸೇವಾ ಸಂಸ್ಥೆ. ದಾನಿಯೊಬ್ಬರು ಹೊಲಿಗೆ ಯಂತ್ರಗಳಿಗೆಂದು ಹಣ ಕೊಟ್ಟರು. ಕೊಂಡ ಮೇಲೂ ಸ್ವಲ್ಪ ಉಳಿದಿದೆ. ಅದರಲ್ಲಿ ಸಂಬಳ ಕೊಡಬಹುದಾ?

ಉತ್ತರ: ಕೇಳದೆ ಕೊಡಬೇಡಿ. ಹಣ ನಿಮ್ಮ ಖಾತೆಯಲ್ಲಿದ್ದರೂ ಅದರ ಉದ್ದೇಶ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. 'ಇಷ್ಟು ಉಳಿದಿದೆ, ಇಂಥದಕ್ಕೆ ಬಳಸಲೇ' ಎಂದು ದಾನಿಗೆ ಬರೆಯಿರಿ, ಉತ್ತರ ಬರಹದಲ್ಲೇ ಬರಲಿ. ಸಾಮಾನ್ಯವಾಗಿ ಹೂಂ ಅನ್ನುತ್ತಾರೆ. ಹೇಳದೆ ಮಾಡಿದರೇ ಅವರಿಗೆ ಸಿಟ್ಟು.

ಯಂತ್ರ ಮಾರಿದವರು ಖಜಾಂಚಿಯ ಭಾವಮೈದ ಎಂದು ಪತ್ರದ ಕೊನೆಯಲ್ಲಿ ಸುಮ್ನೆ ಹೇಳಿ ಮುಗಿಸಿದ್ದೀರಲ್ಲ, ನನ್ನ ಪ್ರಕಾರ ನಿಮಗೆ ಜಾಸ್ತಿ ತೊಂದರೆ ಇರುವುದು ಅಲ್ಲೇ. ನೆಂಟರಿಂದ ಕೊಳ್ಳುವುದೇ ತಪ್ಪು ಅಂತಲ್ಲ. ಮೂರು ಕಡೆ ದರ ಕೇಳಿದಿರಾ? ತೀರ್ಮಾನ ಮಾಡುವಾಗ ಖಜಾಂಚಿ ಎದ್ದು ಹೊರಗೆ ಹೋದರಾ, ಹೋದದ್ದು ಸಭೆಯ ನಡಾವಳಿಯಲ್ಲಿದೆಯಾ? ಇಲ್ಲದಿದ್ದರೆ ಹಳೆಯ ತಾರೀಖು ಹಾಕಿ ತಿದ್ದಲು ಹೋಗಬೇಡಿ. ಮುಂದಿನ ಸಭೆಯಲ್ಲಿ ಆದದ್ದನ್ನು ಆದ ಹಾಗೆ ಹೇಳಿ, ಅವತ್ತಿನ ತಾರೀಖಿನಲ್ಲೇ ಬರೆಸಿ.

ಪ್ರಶ್ನೆ: ನಮ್ಮದು ಲಿಮಿಟೆಡ್ ಕಂಪನಿ. ಸಾಲದ ಪತ್ರಕ್ಕೆ ಬ್ಯಾಂಕಿನವರು ನನ್ನಿಂದ ಎರಡು ಕಡೆ ಸಹಿ ಕೇಳುತ್ತಿದ್ದಾರೆ. ಯಾಕೆ?

ಉತ್ತರ: ಎರಡನೆಯ ಸಹಿಯ ಮೇಲೆ ಏನು ಬರೆದಿದೆ ಓದಿ. ಕಂಪನಿ ಬೇರೆ, ಅದರ ಒಡೆಯ ಬೇರೆ ಎಂದು ಲಂಡನ್ನಿನ ಬೂಟು ವ್ಯಾಪಾರಿ ಸಾಲಮನ್ ಅವರ ಮೊಕದ್ದಮೆಯಲ್ಲಿ 1896ರಲ್ಲಿ ತೀರ್ಪಾಯಿತು. ಕಂಪನಿ ಮುಳುಗಿತು, ಅದರ ಸಾಲಕ್ಕೆ ಅವರು ಹೊಣೆಯಾಗಲಿಲ್ಲ. ಬ್ಯಾಂಕುಗಳಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಎರಡನೆಯ ಸಹಿ. ಮೊದಲನೆಯದು ಕಂಪನಿಯ ಪರವಾಗಿ, ಎರಡನೆಯದು ಬಹುಶಃ ವೈಯಕ್ತಿಕ ಜಾಮೀನು. ಅಂದರೆ ಕಂಪನಿ ಕಟ್ಟದಿದ್ದರೆ ನೀವು ಕಟ್ಟಬೇಕು. ಇಷ್ಟು ಮೊತ್ತಕ್ಕೆ ಮಾತ್ರ, ಇಂಥ ದಿನದವರೆಗೆ ಮಾತ್ರ ಎಂದು ಸೇರಿಸಲು ಕೇಳಿ, ಕೇಳುವುದಕ್ಕೇನು ನಾಚಿಕೆ. ಮತ್ತೆ, ನಾಳೆ ನೀವು ಡೈರೆಕ್ಟರ್ ಸ್ಥಾನ ಬಿಟ್ಟರೂ ಜಾಮೀನು ತಾನಾಗಿ ಬಿಡುವುದಿಲ್ಲ, ಬಿಡುಗಡೆ ಪತ್ರವನ್ನು ಬ್ಯಾಂಕಿನಿಂದ ಬೇರೆಯಾಗಿ ಬರೆಸಿಕೊಳ್ಳಬೇಕು.