ಚೀಟಿ ಕಳಚಿದ ರಿವಾಲ್ವರ್ ಪೇಟೆಂಟ್ ಮಾದರಿಯೇ?

ಕ್ರಮಸಂಖ್ಯೆಯಿಲ್ಲದ, ಚೀಟಿಯೂ ಕಳಚಿಹೋದ ಹಳೆಯ ಅಮೆರಿಕನ್ ರಿವಾಲ್ವರ್ ಪೇಟೆಂಟ್ ಮಾದರಿಯೇ, ಅಂದರೆ ಪೇಟೆಂಟ್ ಅರ್ಜಿಯ ಜೊತೆ ಒಪ್ಪಿಸಿದ ನಮೂನೆಯೇ, ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ಸಂಖ್ಯೆಯಿಲ್ಲದಿರುವುದೊಂದೇ ಸಾಕ್ಷಿಯಾಗದು, ಕಾರ್ಖಾನೆಯ ಪ್ರಯೋಗದ ಆಯುಧಗಳಲ್ಲೂ ಅದು ಇಲ್ಲದಿರಬಹುದು. 1836ರ ಕಾಯ್ದೆಯ ನಂತರ, 1880ರವರೆಗೂ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯು ಸಾಮಾನ್ಯವಾಗಿ 12 ಅಂಗುಲ ಮೀರದ ಮಾದರಿಯನ್ನು ಕೇಳುತ್ತಿತ್ತಾದರೂ, ಬಂದೂಕಿನ ವಿಷಯದಲ್ಲಿ ಹಲವರು ಕಿರುರೂಪದ ಬದಲು ನಿಜವಾದ ಆಯುಧವನ್ನೇ ಮಾರ್ಪಡಿಸಿ ಒಪ್ಪಿಸಿದ್ದರಿಂದ, ಗಾತ್ರ ನೋಡಿ ತೀರ್ಮಾನಿಸಬೇಡಿ. ನಾನು ನಂಬುವ ದಾರಿ ಒಂದೇ: ಪೇಟೆಂಟಿನ ರೇಖಾಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಗುಂಡು ತುಂಬುವ ಸಿಲಿಂಡರನ್ನು ತಿರುಗಿಸುವ ಹಲ್ಲು, ಅದನ್ನು ತಡೆಹಿಡಿಯುವ ಕೀಲು, ತಿರುಪುಗಳ ಸ್ಥಾನ ಇವನ್ನು ಒಂದೊಂದಾಗಿ ಹೋಲಿಸಿ, ಏಕೆಂದರೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಈ ಭಾಗಗಳು ಹಲವೊಮ್ಮೆ ಬದಲಾಗಿರುತ್ತಿದ್ದವು. 1877ರ ಸೆಪ್ಟೆಂಬರ್ 24ರ ಬೆಂಕಿಯಲ್ಲಿ ಆ ಕಚೇರಿಯ ಸುಮಾರು 80,000 ಮಾದರಿಗಳು ನಾಶವಾದವು. ಆದ್ದರಿಂದ ಉಳಿದ ಒಂದೊಂದೂ ಅಮೂಲ್ಯ. ದಯವಿಟ್ಟು ಮೇಲ್ಮೈಯನ್ನು ಉಜ್ಜಬೇಡಿ, ಚೀಟಿ ಕಟ್ಟಿದ್ದ ದಾರದ ಗುರುತು ಅಲ್ಲಿ ಇನ್ನೂ ಉಳಿದಿರಬಹುದು.