ಬ್ಲಾಟ್‌ನಲ್ಲಿ ಮೂರು ಬ್ಯಾಂಡ್: ಯಾವುದನ್ನು ನಂಬುವುದು?

ಪ್ರಶ್ನೆ: ನಾನು ಮಂಗಳೂರಿನ ಕೊಣಾಜೆ ಕಡೆ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಸ್ಟಾರ್ ರ‍್ಯಾಟ್‌ನ ಹಿಪ್ಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗದಲ್ಲಿ, ನರಕೋಶಗಳು ಸಂದೇಶ ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್‌ನ ಗ್ಲುಎನ್1 ಪ್ರೋಟೀನ್ ನೋಡಲು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರೆ ಮಾಡಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡಿದೆ. ಆಂಟಿಬಾಡಿ ಮೌಸ್ ಮೋನೋಕ್ಲೋನಲ್ (ಮೌಸ್‌ನ ಒಂದೇ ಬಗೆಯ ಜೀವಕೋಶದಿಂದ ತಯಾರಾದದ್ದು). 120 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಬ್ಯಾಂಡ್, ಅಂದರೆ ಪಟ್ಟೆ, ಬಂತು, ಜೊತೆಗೆ 50ರಲ್ಲೂ 25ರಲ್ಲೂ ಬಂತು. ಜೆಲ್‌ನ ಮೇಲ್ತುದಿಯಲ್ಲಿ ಮಸಿ ಬಳಿದ ಹಾಗಿದೆ. ಕಂಪನಿಯ ಡೇಟಾಶೀಟ್‌ನಲ್ಲಿ ಒಂದೇ ಬ್ಯಾಂಡ್. ಸೀನಿಯರ್ ಒಬ್ಬರು "120ರ ಭಾಗ ಮಾತ್ರ ಕತ್ತರಿಸಿ ಹಾಕು" ಅನ್ನುತ್ತಾರೆ. ಒಂದು ತಿಂಗಳ ಫೆಲೋಶಿಪ್‌ನಷ್ಟು ದುಡ್ಡು ಕೊಟ್ಟ ಆಂಟಿಬಾಡಿ ವಯಲ್ (ಪುಟ್ಟ ಬಾಟಲಿ) ಸಾರ್. ಎಂತ ಮಾಡುವುದು?

ಉತ್ತರ: ವಯಲ್ ಎಸೆಯಬೇಡಿ ಮಾರಾಯ್ರೆ. ಚಿತ್ರ ಕತ್ತರಿಸಲೂ ಬೇಡಿ.

50 ಮತ್ತು 25 ಅಂದ ಕೂಡಲೇ ನನಗೆ ಬೇರೆಯೇ ಅನುಮಾನ ಬಂತು. ಐಜಿಜಿ ಅನ್ನುವ, ರಕ್ತದಲ್ಲಿ ಹೆಚ್ಚಾಗಿರುವ ಆಂಟಿಬಾಡಿಯ ದೊಡ್ಡ ಸರಪಳಿಯ ತೂಕ ಸುಮಾರು 50, ಚಿಕ್ಕದರದ್ದು 25. ಮೆದುಳು ತೆಗೆಯುವ ಮೊದಲು ಸಲೈನ್ ಹರಿಸಿ ರಕ್ತ ತೊಳೆದಿದ್ದೀರಾ? ನೀವು ಬರೆದಿಲ್ಲ. ತೊಳೆಯದಿದ್ದರೆ ಸಣ್ಣ ರಕ್ತನಾಳಗಳಲ್ಲಿ ರ‍್ಯಾಟ್‌ನದ್ದೇ ಐಜಿಜಿ ಉಳಿದಿರುತ್ತದೆ. ನಿಮ್ಮ ವಯಲ್‌ನ ಆಂಟಿಬಾಡಿ (ಪ್ರೈಮರಿ) ಎಲ್ಲಿ ಕೂತಿದೆ ಅಂತ ತೋರಿಸುವ ಎರಡನೇ ಆಂಟಿಬಾಡಿ, ಅಂದರೆ ಸೆಕೆಂಡರಿ, ಮೌಸ್ ಐಜಿಜಿಯನ್ನು ಹಿಡಿಯುವಂಥದ್ದು. ಮೌಸ್, ರ‍್ಯಾಟ್ ಎರಡರ ಐಜಿಜಿಯೂ ಹತ್ತಿರದ ಸಂಬಂಧಿಕರು, ಹಾಗಾಗಿ ಅದು ಎರಡನ್ನೂ ಹಿಡಿಯುತ್ತದೆ. ಅಂದರೆ ಆ ಎರಡು ಬ್ಯಾಂಡ್‌ಗೂ ನಿಮ್ಮ ದುಬಾರಿ ವಯಲ್‌ಗೂ ಸಂಬಂಧವೇ ಇಲ್ಲದಿರಬಹುದು.

ಪರೀಕ್ಷೆ ಸುಲಭ. ಅದೇ ಸ್ಯಾಂಪಲ್‌ನ ಒಂದು ಲೇನ್ (ಜೆಲ್‌ನ ಒಂದು ಸಾಲು) ಬೇರೆ ಕತ್ತರಿಸಿಟ್ಟು, ಪ್ರೈಮರಿ ಹಾಕದೆ ಸುಮ್ನೆ ಸೆಕೆಂಡರಿ ಮಾತ್ರ ಹಾಕಿ. ಆಗಲೂ 50, 25 ಬಂದರೆ ಕಳ್ಳ ಸಿಕ್ಕಿದ. ರ‍್ಯಾಟ್ ಐಜಿಜಿಗೆ ಅಂಟುವ ಭಾಗವನ್ನು ಮೊದಲೇ ತೆಗೆದ ಸೆಕೆಂಡರಿ ಸಿಗುತ್ತದೆ, ಅದನ್ನು ತರಿಸಿ.

ಮೇಲಿನ ಮಸಿ ಬಹುಶಃ ಕುದಿಸಿದ್ದರಿಂದ. 95 ಡಿಗ್ರಿಯಲ್ಲಿ ಐದು ನಿಮಿಷ ಇಡುವುದು ಎಲ್ಲರಿಗೂ ರೂಢಿ. ಆದರೆ ಜೀವಕೋಶದ ಪೊರೆಯೊಳಗೆ ಕೂರುವ ಇಂಥ ಪ್ರೋಟೀನ್‌ಗಳು ಕುದಿಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗಬಹುದು. ಮುದ್ದೆ ಜೆಲ್‌ಗೆ ಇಳಿಯುವುದಿಲ್ಲ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟ ಸ್ಯಾಂಪಲನ್ನು ಕುದಿಸಿದ್ದರ ಪಕ್ಕದಲ್ಲೇ ಓಡಿಸಿ ನೋಡಿ.

ಇನ್ನು 120. ಗ್ಲುಎನ್1ರ ಅಮೈನೋ ಆಮ್ಲಗಳ ಲೆಕ್ಕ ಹಾಕಿದರೆ ಸುಮಾರು 105 ಬರುತ್ತದೆ. ಮೇಲೆ ಸಕ್ಕರೆ ಸರಪಳಿಗಳು ಅಂಟಿಕೊಂಡಿರುವುದರಿಂದ ಜೆಲ್‌ನಲ್ಲಿ 120ರ ಆಸುಪಾಸು ನಿಲ್ಲುತ್ತದೆ. ಜಾಗ ಸರಿ ಇದೆ. ಆದರೆ ಜಾಗ ಸರಿ ಇದ್ದ ಮಾತ್ರಕ್ಕೆ ಅದೇ ಪ್ರೋಟೀನ್ ಅನ್ನುವ ಹಾಗಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಶೆಟ್ರೇ" ಅಂತ ಕೂಗಿ ನೋಡಿ, ಎಷ್ಟು ತಲೆ ತಿರುಗುತ್ತವೆ! ಆಂಟಿಬಾಡಿ ಗುರುತಿಸುವುದು ಪ್ರೋಟೀನ್‌ನ ಪುಟ್ಟ ತುಣುಕನ್ನು. ಅಂಥದೇ ತುಣುಕು ಇರುವ ಬೇರೆ ಪ್ರೋಟೀನ್ ಕೂಡ ತಿರುಗಿ ನೋಡುತ್ತದೆ.

ಹಾಗಾಗಿ ಗ್ಲುಎನ್1 ಇಲ್ಲವೇ ಇಲ್ಲದ ಸ್ಯಾಂಪಲ್ ಬೇಕು. ನಾಕ್‌ಔಟ್ ಮೌಸ್‌ನ ಮೆದುಳು ಕೇಳೋಣ ಅಂದರೆ, ಈ ಜೀನ್ ಪೂರ್ತಿ ತೆಗೆದ ಮರಿಗಳು ಹುಟ್ಟಿದ ಸ್ವಲ್ಪದರಲ್ಲೇ ಸಾಯುತ್ತವೆ. ಇದು 1994ರಲ್ಲೇ ಗೊತ್ತಾದ ವಿಷಯ. ನಿಮಗೆ ಕೈಗೆಟುಕುವ ದಾರಿ ಎಚ್‌ಇಕೆ293 ಅನ್ನುವ, ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಜೀವಕೋಶಗಳು. ಒಂದು ಡಿಶ್‌ಗೆ ಗ್ಲುಎನ್1 ಜೀನ್ ಹೊತ್ತ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ), ಇನ್ನೊಂದಕ್ಕೆ ಖಾಲಿ ಪ್ಲಾಸ್ಮಿಡ್. ಮೊದಲನೆಯದರಲ್ಲಿ ಮಾತ್ರ ಬ್ಯಾಂಡ್ ಬರಬೇಕು. ಆಮೇಲೆ ಅದೇ ಪ್ರೋಟೀನ್‌ನ ಬೇರೆ ತುದಿಯನ್ನು ಗುರುತಿಸುವ ಇನ್ನೊಂದು ಆಂಟಿಬಾಡಿಯನ್ನು ಪಕ್ಕದ ಲ್ಯಾಬ್‌ನಿಂದ ಐದು ಮೈಕ್ರೋಲೀಟರ್ ಕೇಳಿ ತಂದು ಮೆದುಳಿನ ಸ್ಯಾಂಪಲ್ ಮೇಲೆ ಹಾಕಿ.

ಬ್ಲಾಕಿಂಗ್ ಪೆಪ್ಟೈಡ್ (ಆಂಟಿಬಾಡಿ ಗುರುತಿಸುವ ಅದೇ ಪುಟ್ಟ ತುಣುಕು) ಹಾಕಿದಾಗ ಬ್ಯಾಂಡ್ ಮಾಯವಾಯಿತು ಅಂತ ಯಾರಾದರೂ ಹೇಳಿದರೆ ಜಾಸ್ತಿ ಹಿಗ್ಗಬೇಡಿ. ಪೆಪ್ಟೈಡ್ ಆಂಟಿಬಾಡಿಯ ಬಾಯಿಯನ್ನೇ ಮುಚ್ಚುತ್ತದೆ, ತಪ್ಪು ಪ್ರೋಟೀನ್ ಹಿಡಿದಿದ್ದರೂ ಬಿಟ್ಟುಬಿಡುತ್ತದೆ. 2009ರಲ್ಲಿ ಜರ್ಮನಿಯ ಒಂದು ಔಷಧಶಾಸ್ತ್ರ ಪತ್ರಿಕೆ ರಿಸೆಪ್ಟರ್ ಆಂಟಿಬಾಡಿಗಳ ಬಗ್ಗೆಯೇ ಸಾಲಾಗಿ ಲೇಖನ ಹಾಕಿತು. ರಿಸೆಪ್ಟರ್ ಇಲ್ಲದ ನಾಕ್‌ಔಟ್ ಮೌಸ್‌ನಲ್ಲೂ ಹಲವು ಆಂಟಿಬಾಡಿಗಳು ಅದೇ ಬ್ಯಾಂಡ್ ತೋರಿಸಿದ್ದವು.

ಇನ್ನೊಂದು ಮಾತು, ನಮ್ಮೂರಿಗೆ ಸಂಬಂಧಿಸಿದ್ದು. ವಯಲ್ ಬಂದ ದಿನವೇ ಹತ್ತು ಹತ್ತು ಮೈಕ್ರೋಲೀಟರ್ ಹಂಚಿಡಿ. ಆಟಿ ತಿಂಗಳ ಮಳೆಗೆ ರಾತ್ರಿಯಿಡೀ ಕರೆಂಟ್ ಹೋಗಿ ನನ್ನ ಫ್ರೀಜರ್ ಕರಗಿದೆ, ಮತ್ತೆ ಗಟ್ಟಿಯಾಗಿದೆ, ಎರಡು ಸಲ. ಇಡೀ ವಯಲ್ ಒಂದೇ ಕಡೆ ಇಟ್ಟಿದ್ದೆ. ಆಮೇಲೆ ಅದರಲ್ಲಿ ಬ್ಯಾಂಡ್ ಬರಲೇ ಇಲ್ಲ.

ಪ್ರಶ್ನೆ: ಉಡುಪಿಯಿಂದ ಬರೆಯುತ್ತಿದ್ದೇನೆ. ನನ್ನ ಅಣ್ಣನ ಮಗಳು ಆಸ್ಪತ್ರೆಯಲ್ಲಿದ್ದಾಳೆ. ರಿಪೋರ್ಟಿನಲ್ಲಿ "ಎನ್‌ಎಂಡಿಎ ರಿಸೆಪ್ಟರ್ ಆಂಟಿಬಾಡಿ ಪಾಸಿಟಿವ್" ಅಂತಿದೆ. ಲ್ಯಾಬ್‌ನಲ್ಲಿ ಬಳಸುವುದೂ ಇದನ್ನೇನಾ?

ಉತ್ತರ: ಗುರಿ ಒಂದೇ, ವಸ್ತು ಬೇರೆ ಅಮ್ಮಾ. ಲ್ಯಾಬ್‌ನದ್ದು ಬಾಟಲಿಯಲ್ಲಿ ಕೊಂಡು ತರುವಂಥದ್ದು, ರೋಗಿಗೆ ಕೊಡುವುದಲ್ಲ. ನಿಮ್ಮ ಹುಡುಗಿಯಲ್ಲಿ ಕಂಡಿದ್ದು ಅವಳ ದೇಹವೇ ತಪ್ಪಿ ತನ್ನ ಮೆದುಳಿನ ರಿಸೆಪ್ಟರ್ ವಿರುದ್ಧ ತಯಾರಿಸಿದ್ದು. ಇದರಿಂದ ಬರುವ ಮೆದುಳಿನ ಉರಿಯೂತದ ಕಾಯಿಲೆಯನ್ನು ನರರೋಗ ತಜ್ಞ ಜೋಸೆಪ್ ಡಾಲ್ಮಾವ್ ತಂಡ 2007ರಲ್ಲಿ ವಿವರಿಸಿತು. ಟೆಸ್ಟ್‌ನಲ್ಲಿ ಬಳಸುವುದು ಮೇಲೆ ಹೇಳಿದ ಎಚ್‌ಇಕೆ ಜೀವಕೋಶಗಳನ್ನೇ: ರಿಸೆಪ್ಟರ್ ಇರುವ ಜೀವಕೋಶಗಳ ಮೇಲೆ ರೋಗಿಯ ಬೆನ್ನುನೀರು (ಬೆನ್ನುಹುರಿಯ ಸುತ್ತಲಿನ ದ್ರವ) ಹಾಕಿ, ಹೊಳೆಯುತ್ತದಾ ಅಂತ ನೋಡುತ್ತಾರೆ. ರಕ್ತಕ್ಕಿಂತ ಬೆನ್ನುನೀರಿನ ಟೆಸ್ಟ್ ಹೆಚ್ಚು ನಂಬಿಕಸ್ಥ. ಕೆಲವು ಹುಡುಗಿಯರಲ್ಲಿ ಅಂಡಾಶಯದ ಟೆರಟೋಮಾ ಅನ್ನುವ ಗಡ್ಡೆ ಇದನ್ನು ಶುರು ಮಾಡಿರುತ್ತದೆ. ಡಾಕ್ಟರ್ ಹೊಟ್ಟೆಯ ಸ್ಕ್ಯಾನ್ ಹೇಳಿದ್ದರೆ "ತಲೆಯ ಕಾಯಿಲೆಗೆ ಹೊಟ್ಟೆ ಸ್ಕ್ಯಾನ್ ಯಾಕೆ" ಅಂತ ಬಿಡಬೇಡಿ, ಮಾಡಿಸಿ.