ಬೆಟ್ಟದ ನೆತ್ತಿಯ ಮೇಲೆ ಅಣೆಕಟ್ಟು ಯಾಕೆ?

ಪ್ರಶ್ನೆ: ಕೇಪ್‌ಟೌನ್‌ನಲ್ಲಿರುವ ಮಗಳು ಟೇಬಲ್ ಮೌಂಟನ್ ಹತ್ತಿ, ಅಲ್ಲಿನ ಕಲ್ಲಿನ ಅಣೆಕಟ್ಟೊಂದರ ಚಿತ್ರ ಕಳಿಸಿದ್ದಾಳೆ. ಕುಡಿಯುವ ನೀರಿಗಾಗಿ ಅಷ್ಟು ಎತ್ತರದಲ್ಲಿ ಯಾಕೆ ಕಟ್ಟಿದರು? ನೀರು ಕಂದು ಬಣ್ಣಕ್ಕಿದೆಯಲ್ಲ, ಕೊಳೆಯೇ?

ಉತ್ತರ: ಮಗಳು ಕಳಿಸಿರುವುದು ಬಹುಶಃ ವುಡ್‌ಹೆಡ್ ಜಲಾಶಯದ ಚಿತ್ರ. ಅದರ ಪಕ್ಕದಲ್ಲೇ ಹೆಲಿ-ಹಚಿನ್ಸನ್ ಎಂಬ ಇನ್ನೊಂದಿದೆ. ನೀರು ಸರಬರಾಜಿನ ಕೆಲಸದಲ್ಲೇ ತಲೆ ನರೆಸಿಕೊಂಡವನು ನಾನು. ಅಲ್ಲಿಗೆ ಹೋದಾಗ ಜೊತೆಯವರು ಸಮುದ್ರ ನೋಡುತ್ತ ನಿಂತರೆ, ನಾನು ಕಟ್ಟೆಯ ಕಲ್ಲುಗಳ ಸಂದಿಯನ್ನು ಬೆರಳಿನಲ್ಲಿ ಸವರುತ್ತ ಕೂತಿದ್ದೆ.

ಕೆಳಗಿನ ನಗರಕ್ಕಿಂತ ಆ ಬೆಟ್ಟಕ್ಕೆ ಹೆಚ್ಚು ಮಳೆ ಬೀಳುತ್ತದೆ. ಆದರೆ ಮೇಲೆ ಹುಟ್ಟುವ ಡೀಸಾ ಹೊಳೆ ನಗರಕ್ಕೆ ಬೆನ್ನು ಹಾಕಿ ದಕ್ಷಿಣದ ಹೌಟ್ ಬೇ ಕಡೆಗೆ ಇಳಿದುಹೋಗುತ್ತಿತ್ತು. ಹಾಗಾಗಿ ಮೊದಲು ತೋಡಿದ್ದು ಸುರಂಗ. 1887ರಿಂದ 1891ರವರೆಗೆ ಬೆಟ್ಟ ಕೊರೆದು, ಹೊಳೆಯನ್ನು ಪಶ್ಚಿಮಕ್ಕೆ ತಿರುಗಿಸಿ, ಕೊಳವೆಯಲ್ಲಿ ನಗರಕ್ಕೆ ತಂದರು. ನೀರು ತಾನಾಗಿಯೇ ಇಳಿಯುವುದರಿಂದ ಪಂಪಿನ ಗೊಡವೆಯಿಲ್ಲ. ಎತ್ತರವನ್ನು ಆರಿಸಿದ್ದರ ಗುಟ್ಟು ಇದೇ.

ಆದರೆ ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ಊರಿಗೆ ನೀರು ಹೆಚ್ಚು ಬೇಕಾಗುವ ಬೇಸಿಗೆಯಲ್ಲೇ ಹೊಳೆ ಸೊರಗುತ್ತದೆ. ಕೂಡಿಡದೆ ಬೇರೆ ದಾರಿಯಿರಲಿಲ್ಲ. ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟುವರ್ಟ್ ಅವರ ಯೋಜನೆಯಂತೆ 1894ರಲ್ಲಿ ಶುರುವಾದ ವುಡ್‌ಹೆಡ್ ಅಣೆಕಟ್ಟು 1897ರಲ್ಲಿ ಮುಗಿಯಿತು. ಅದೂ ಸಾಲದೆ 1904ರ ಹೊತ್ತಿಗೆ ಹೆಲಿ-ಹಚಿನ್ಸನ್ ಎದ್ದಿತು.

ನನಗೆ ಅಚ್ಚರಿಯೆನಿಸುವುದು ಸಾಮಾನು ಸಾಗಿಸಿದ ಬಗೆ. ಕಲ್ಲು ಬೆಟ್ಟದ್ದೇ ಆದರೂ ಸಿಮೆಂಟು, ಉಪಕರಣಗಳು ಕೆಳಗಿನಿಂದಲೇ ಬರಬೇಕು. ಅದಕ್ಕಾಗಿ ಕ್ಯಾಂಪ್ಸ್ ಬೇ ಕಡೆಯಿಂದ ಕಮರಿಯುದ್ದಕ್ಕೂ ತಂತಿಹಾದಿ ಹಾಕಿದರು. ಕೆಲಸಗಾರರು ಮೇಲೆಯೇ ಬಿಡಾರ ಹೂಡಿದರು. ಸಾಮಾನು ಎಳೆಯಲು ಒಂದು ಪುಟ್ಟ ಉಗಿಬಂಡಿಯೂ ಇತ್ತು! ಅದು ಇಂದಿಗೂ ಕೆಳಗಿಳಿದಿಲ್ಲ, ಕಟ್ಟೆಯ ಪಕ್ಕದ ಸಣ್ಣ ವಸ್ತುಸಂಗ್ರಹಾಲಯದಲ್ಲಿದೆ. ನಾನು ಹೋದ ದಿನ ಬಾಗಿಲಿಗೆ ಬೀಗ. ಕಿಟಕಿಯ ಗಾಜಿಗೆ ಮೂಗು ಒತ್ತಿ, ಮಸುಕಾಗಿ ಕಂಡ ಅದರ ಮೂತಿಯನ್ನಷ್ಟೇ ನೋಡಿ ಬಂದೆ.

ಇನ್ನು ಬಣ್ಣ. ಅದು ಕೊಳೆಯಲ್ಲ. ಬೆಟ್ಟದ ತುಂಬ ಬೆಳೆಯುವ ಫೈನ್‌ಬಾಸ್ ಕುರುಚಲು ಗಿಡಗಳ ಸೊಪ್ಪುಸದೆ ಕೊಳೆತು, ಅದರ ಒಗರು ನೀರಿಗಿಳಿಯುತ್ತದೆ. ದಡದಿಂದ ನೋಡಿದರೆ ಹಾಲು ಹಾಕದ ಚಹಾ. ಬೊಗಸೆಯಲ್ಲಿ ಎತ್ತಿಕೊಂಡರೆ ತೆಳು ಹೊಂಬಣ್ಣ, ಅಂಗೈ ರೇಖೆಗಳೆಲ್ಲ ಕಾಣುತ್ತವೆ. ಮರಳುಗಲ್ಲಿನ ಮೇಲೆ ಹರಿದು ಬರುವ ಈ ನೀರಿನಲ್ಲಿ ಖನಿಜಾಂಶ ಕಡಿಮೆ, ಹುಳಿ ಗುಣ ಜಾಸ್ತಿ. ಹಾಗೆಯೇ ಬಿಟ್ಟರೆ ಕೊಳವೆಗಳನ್ನು ತಿನ್ನುತ್ತದೆ. ಆದ್ದರಿಂದ ಶುದ್ಧೀಕರಿಸಿಯೇ ನಲ್ಲಿಗೆ ಬಿಡುತ್ತಾರೆ. ಮಗಳ ಮನೆಯ ನಲ್ಲಿಯಲ್ಲಿ ಬರುವುದು ಬಹುಪಾಲು ದೂರದ ದೊಡ್ಡ ಜಲಾಶಯಗಳ ನೀರು. ಬೆಟ್ಟದ ಮೇಲಿನವುಗಳ ಪಾಲು ಈಗ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ.